ಬೆನ್ನಿಗೆ ಬಂದ ಗಾಳಿ

ಮೊರಬದಿಂದ ಬೆಂಗಳೂರಿಗೆ ಮರಳಿ ಮೂರು ವಾರವಾಯಿತು. ಅತ್ತೆ ಕಟ್ಟಿಕೊಟ್ಟ ಸಜ್ಜಿರೊಟ್ಟಿ ಮುಗಿದಿವೆ. ಗುರೆಳ್ಳು ಚಟ್ನಿಯ ಡಬ್ಬಿಯ ತಳ ಕಾಣುತ್ತಿದೆ. ಇಟ್ಟಿಗೆ ಹೊತ್ತು ಅಂಗೈಯಲ್ಲಿ ಎದ್ದಿದ್ದ ಬೊಬ್ಬೆಯೂ ಒಣಗಿ ಉದುರಿದೆ. ಆದರೆ ಅಲ್ಲಿ ಕಳೆದ ಒಂದು ಸಂಜೆ ಮಾತ್ರ ಆತನಿಂದ ಉದುರುತ್ತಿಲ್ಲ. ಬೆಳಿಗ್ಗೆ ಸೈಕಲ್ಲು ಹತ್ತಿದರೆ ಸಾಕು, ಅದೂ ಹಿಂದಿನ ಕ್ಯಾರಿಯರ್ ಮೇಲೆ ಹತ್ತಿ ಕೂರುತ್ತದೆ.

ಆತನ ಮನೆ ಕೆ.ಆರ್. ಪುರದ ಕಡೆ, ಕಚೇರಿ ಬೆಳ್ಳಂದೂರಿನಲ್ಲಿ. ಹೊರವರ್ತುಲ ರಸ್ತೆಯ ಆ ದಾರಿಯನ್ನು ಆತ ಆರು ವರ್ಷದಿಂದ ಸೈಕಲ್ಲಿನಲ್ಲೇ ಸವೆಸಿದ್ದಾನೆ. 2020ರಲ್ಲಿ ಅಲ್ಲಿ ತಾತ್ಕಾಲಿಕ ಸೈಕಲ್ ಪಥ ಮಾಡಿ, ಅಂಚಿಗೆ ಪ್ಲಾಸ್ಟಿಕ್ ಗೂಟ ನಿಲ್ಲಿಸಿದಾಗ ಆತನಷ್ಟು ಹಿಗ್ಗಿದವರಿಲ್ಲ. ಆ ಗೂಟಗಳು ಒಂದೊಂದಾಗಿ ಮುರಿದು ಕಾಣೆಯಾದವು. ಸೈಕಲ್ಲಿನವರು ಮತ್ತೆ ಬಸ್ಸಿಗೂ ಚರಂಡಿಗೂ ನಡುವಿನ ಎರಡು ಅಡಿ ಜಾಗಕ್ಕೆ ಮರಳಿದರು. ಆ ಎರಡು ಅಡಿಯಲ್ಲೂ ದಿನಾ ಒಂದು ಪಂದ್ಯ ನಡೆಯುತ್ತದೆ. ಹಿಂದಿನಿಂದ ತೆಳು ಟೈರಿನ ಸಪ್ಪಳ ಕೇಳುತ್ತದೆ, ಬಲಗಡೆಯಿಂದ ಒಂದು ಹೆಲ್ಮೆಟ್ ಸರ್ರನೆ ದಾಟುತ್ತದೆ. ದಾಟಿದವನು ತಿರುಗಿ ನೋಡುವುದಿಲ್ಲ. ಈತನ ಕಾಲಿಗೆ ಹೇಳದೆ ಕೇಳದೆ ಬಲ ಬರುತ್ತದೆ. ಮುಂದಿನ ಸಿಗ್ನಲ್ಲಿನಲ್ಲಿ ಆ ಹೆಲ್ಮೆಟ್ಟನ್ನು ಹಿಡಿಯದಿದ್ದರೆ ಅಂದಿನ ಬೆಳಗು ಕೆಟ್ಟಂತೆ. ಯಾವ ಸೇತುವೆಯನ್ನು ಎಷ್ಟು ಸೆಕೆಂಡಿನಲ್ಲಿ ಹತ್ತಿದೆ, ಎಷ್ಟು ಜನರಿಗಿಂತ ಹಿಂದೆ ಬಿದ್ದೆ ಎಂಬುದನ್ನು ಸ್ಟ್ರಾವಾ ಆ್ಯಪ್ ಬರೆದಿಡುತ್ತದೆ. ಕಚೇರಿಯ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತ ಆತ ಮೊದಲು ನೋಡುವುದು ಅದನ್ನೇ.

ಇಂಥವನು ಎಳ್ಳಮಾಸಿಗೆಂದು ತಾಯಿಯ ತವರಿಗೆ ಹೋದ.

ಧಾರವಾಡ ಜಿಲ್ಲೆಯ ಹೆಸರು ಒಂದು, ನೆಲ ಎರಡು. ಪಡುವಲಿಗೆ ಕಲಘಟಗಿಯ ಕಡೆ ಭತ್ತದ ಗದ್ದೆ, ಸಾಗವಾನಿ, ಕೆಂಪು ಮಣ್ಣು. ಮಲೆನಾಡಿನ ಸೆರಗು ಅದು. ಮೂಡಲಿಗೆ ನವಲಗುಂದ, ಅಣ್ಣಿಗೇರಿಯ ಕಡೆ ಹೊರಳಿದರೆ ಗುಡ್ಡಗಳು ಹಿಂದೆ ಸರಿದು, ಕಣ್ಣು ಹಾಯುವಷ್ಟೂ ಎರಿ ಭೂಮಿ ಬಿಚ್ಚಿಕೊಳ್ಳುತ್ತದೆ. ನವಲಗುಂದ ತಾಲ್ಲೂಕಿನ ಮೊರಬ ಇರುವುದು ಈ ಕರಿ ನೆಲದಲ್ಲಿ, ತುಪ್ಪರಿಹಳ್ಳದ ಸೀಮೆಯಲ್ಲಿ. 2019ರ ಆಗಸ್ಟಿನಲ್ಲಿ ತುಪ್ಪರಿಹಳ್ಳ, ಬೆಣ್ಣಿಹಳ್ಳ ಎರಡೂ ಉಕ್ಕಿ ಹೊಲಗಳ ಮೇಲೆ ಹರಿದದ್ದನ್ನು ಇಲ್ಲಿಯವರು ಇಂದಿಗೂ ನಿನ್ನೆಯ ಸಂಗತಿಯಂತೆ ಹೇಳುತ್ತಾರೆ. ಆತ ಹೋದಾಗ ಹಿಂಗಾರಿಯ ಕಾಲ. ಬಿಳಿಜೋಳ ತೆನೆ ಹಿಡಿದಿತ್ತು, ಕಡಲಿ ಕಾಯಿ ಕಟ್ಟಿತ್ತು, ಮೆಣಸಿನಕಾಯಿ ಕಣದಲ್ಲಿ ಕೆಂಪಗೆ ಹರಡಿತ್ತು. ರಸ್ತೆಗೆ ನೆರಳಿಲ್ಲ. ಬದುವಿನ ಮೇಲೆ ಅಲ್ಲೊಂದು ಬನ್ನಿ, ಇಲ್ಲೊಂದು ಜಾಲಿ. ಉಳಿದದ್ದೆಲ್ಲ ಗಾಳಿಗೆ ಬಿಟ್ಟ ಬಯಲು.

ಎಳ್ಳಮಾಸಿಯ ದಿನ ಊರಿಗೆ ಊರೇ ಹೊಲಕ್ಕೆ ಹೋಯಿತು. ಚಕ್ಕಡಿ ಕಡಿಮೆ, ಟ್ರ್ಯಾಕ್ಟರೇ ಹೆಚ್ಚು. ಬನ್ನಿ ಗಿಡದ ಬುಡಕ್ಕೆ ಪೂಜೆಯಾಗಿ, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದ ಮೇಲೆ ಊಟ. ಸಜ್ಜಿರೊಟ್ಟಿ, ಎಣ್ಣೆಗಾಯಿ ಬದನೆ, ಪುಂಡಿಪಲ್ಲೆ, ಕಡುಬು, ಮೊಸರು. ಪಕ್ಕದ ಹೊಲದವರು ಇಲ್ಲಿಗೆ ಬಂದು ಒಂದು ತುತ್ತು ತಿನ್ನಬೇಕು, ಇಲ್ಲಿಯವರು ಅಲ್ಲಿಗೆ ಹೋಗಿ ಒಂದು ತುತ್ತು ತಿನ್ನಬೇಕು. ಹಾಗೆ ಪಕ್ಕದ ಹೊಲದಿಂದ ಬಂದು ಕೂತವರು ಗೌಂಡಿ ಮಾಮಾ. ಅರವತ್ತು ದಾಟಿದ ವಯಸ್ಸು, ಸಿಮೆಂಟು ಕುಡಿದು ಬಿರುಕುಬಿಟ್ಟ ಬೆರಳು. ತಾಯಿಯ ತವರಾದ್ದರಿಂದ ಆತನಿಗೆ ಊರ ಗಂಡಸರೆಲ್ಲ ಮಾಮಾ. ಆತ ಊರಿಗೆಲ್ಲ ಅಳಿಯ.

‘ಅಳಿಯಾರು ಬೆಂಗಳೂರಾಗ ಸೈಕಲ್ ಮ್ಯಾಲೆ ಆಫೀಸಿಗೆ ಹೋಗ್ತಾರಂತ’ ಎಂದು ಸೋದರಮಾವ ಹೇಳಿದಾಗ ಗೌಂಡಿ ಮಾಮಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಆತನನ್ನೇ ನೋಡಿದರು. ‘ಹೌದ್ರೀ? ಹಂಗಾರ ನಾವಿಬ್ರೂ ಒಂದ ಜಾತಿ’ ಎಂದರು. ಮಾರನೆಯ ದಿನ ಕೆಲಸಕ್ಕೆ ಹೋಗುವಾಗ ಜೊತೆಗೆ ಬರಬಹುದೇ ಎಂದು ಆತ ಕೇಳಿದ. ಕೇಳಿದ್ದೇ ತಡ, ಅವರು ಹೊರಡುವ ಹೊತ್ತು ಹೇಳಿಬಿಟ್ಟರು.

ಸೋದರಮಾವನ ಹಿತ್ತಿಲಲ್ಲಿ ಒಂದು ಅಟ್ಲಾಸ್ ಸೈಕಲ್ಲು ಗೋಡೆಗೆ ಒರಗಿ ನಿಂತಿತ್ತು. ಧೂಳು ಒರೆಸಿ, ಚೈನಿಗೆ ಎಣ್ಣೆ ಬಿಟ್ಟಾಗ ಆತ ಹಲ್ಲುಗಳನ್ನು ಎಣಿಸಿದ: ಮುಂದೆ 44, ಹಿಂದೆ 18. ಗೇರಿಲ್ಲ. ಒಮ್ಮೆ ಪೂರ್ತಿ ತುಳಿದರೆ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಏರಿರಲಿ, ಇಳಿಜಾರಿರಲಿ, ಎದುರುಗಾಳಿಯಿರಲಿ, ಲೆಕ್ಕ ಅಷ್ಟೇ. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಈ ಕಂಪನಿ ದೇಶದ ಹಳ್ಳಿಹಳ್ಳಿಗೂ ಗಾಲಿ ಕೊಟ್ಟಿತು. ಅದರ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅದು ವಿಶ್ವಸಂಸ್ಥೆ ಗೊತ್ತುಮಾಡಿದ ವಿಶ್ವ ಸೈಕಲ್ ದಿನ. ಆ ಸುದ್ದಿ ಓದಿದಾಗ ಆತನಿಗೆ ನೆನಪಾದದ್ದು ಇದೇ ಹಿತ್ತಿಲ ಸೈಕಲ್ಲು. ಇದರ ದಂಡಿಯ ಕೆಳಗೆ ಕಾಲು ತೂರಿಸಿ, ಒಳಪೆಡಲು ಹೊಡೆದು, ಬಿದ್ದು ಎದ್ದು ಆತ ಸೈಕಲ್ಲು ಕಲಿತದ್ದು.

ಮುಂಜಾನೆ ಏಳೂವರೆಗೆ ಗೌಂಡಿ ಮಾಮಾ ಅಗಸಿಯ ಹತ್ತಿರ ಕಾಯುತ್ತಿದ್ದರು. ಅವರ ಸೈಕಲ್ಲಿಗೆ ಮಡಗಾರ್ಡ್ ಇರಲಿಲ್ಲ. ಕೇಳಿದ್ದಕ್ಕೆ, ತೆಗೆದು ಇಪ್ಪತ್ತು ವರ್ಷವಾಯಿತೆಂದರು. ಮಳೆಗಾಲದಲ್ಲಿ ಎರಿ ಮಣ್ಣು ಟೈರಿಗೂ ಮಡಗಾರ್ಡಿಗೂ ನಡುವೆ ಸೇರಿ ಬಿಗಿದುಕೊಳ್ಳುತ್ತದೆ. ಹತ್ತು ಮಾರು ಹೋಗುವುದರೊಳಗೆ ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿಯಿಂದ ಕೆದರಬೇಕು, ಹತ್ತು ಮಾರು ನೂಕಬೇಕು, ಮತ್ತೆ ಕೆದರಬೇಕು. ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ನಡೆಯಬೇಕು. ‘ಮಳಿಗಾಲದಾಗ ಅದು ನಮ್ಮ ಮ್ಯಾಲೆ ಕುಂದರ್ತೈತ್ರಿ’ ಎಂದರು. ಹೊರಡುವ ಮುಂಚೆ ಬಾಗಿ, ಎರಡೂ ಸೈಕಲ್ಲಿನ ಎರಡೆರಡು ಗಾಲಿಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಹವಾ ಸರಿಯಿತ್ತು. ಹ್ಯಾಂಡಲ್ಲಿಗೆ ಬುತ್ತಿ, ಕ್ಯಾರಿಯರ್ ಮೇಲೆ ಗೋಣಿಚೀಲದಲ್ಲಿ ಥಾಪಿ, ಮಟ್ಟಗೋಲು, ತೂಗುಗುಂಡು.

ಕೆಲಸದ ಊರು ನವಲಗುಂದದ ದಿಕ್ಕಿಗೆ 11 ಕಿಲೋಮೀಟರ್. ಮೂಡಣಕ್ಕೆ ಹೋಗಬೇಕು, ಗಾಳಿ ಬರುವುದೂ ಮೂಡಣದಿಂದಲೇ. ಸೂರ್ಯ ನೇರ ಕಣ್ಣಿಗೆ. ಸಂಜೆ ಪಡುವಣಕ್ಕೆ ಮರಳುವಾಗಲೂ ಸೂರ್ಯ ಕಣ್ಣಿಗೇ. ಈ ದಾರಿಯಲ್ಲಿ ದುಡಿಯಲು ಹೋಗುವವರಿಗೆ ಎರಡು ಹೊತ್ತೂ ಬಿಸಿಲು ಮುಖದ ಮೇಲೆ. ಮೊದಲ ಎರಡು ಕಿಲೋಮೀಟರಿಗೇ ಆತನಿಗೆ ಏದುಸಿರು. ಬೆಂಗಳೂರಿನ ಇಪ್ಪತ್ತೊಂದು ಗೇರು ಎಷ್ಟೊಂದು ಕೆಲಸವನ್ನು ತನ್ನ ಪರವಾಗಿ ಮಾಡುತ್ತಿತ್ತೆಂಬುದು ತೊಡೆಗೆ ಗೊತ್ತಾಯಿತು.

‘ಬಾಜೂಕ ಬರಬ್ಯಾಡ್ರಿ. ನನ್ನ ಬೆನ್ನಿಗೆ ಬರ್ರಿ ಅಳಿಯಾರ’ ಎಂದರು ಗೌಂಡಿ ಮಾಮಾ.

ಆತ ಹಿಂದೆ ಸರಿದ. ಅವರ ಹಿಂದಿನ ಗಾಲಿಗೂ ತನ್ನ ಮುಂದಿನ ಗಾಲಿಗೂ ಒಂದು ಮೊಳ ಅಂತರ ಇಟ್ಟುಕೊಂಡ. ಗಾಳಿ ಅರ್ಧ ಸತ್ತಂತಾಯಿತು. ಗಾಳಿಯ ತಡೆ ಸವಾರನಿಗೂ ಗಾಳಿಗೂ ನಡುವಿನ ಸಾಪೇಕ್ಷ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎನ್ನುವುದು ಭೌತಶಾಸ್ತ್ರದ ಪಾಠ. ಎದುರುಗಾಳಿಯಲ್ಲಿ ಮೆಲ್ಲನೆ ತುಳಿಯುವವನಿಗೂ ವೇಗವಾಗಿ ತುಳಿದಷ್ಟೇ ತಡೆ ಸಿಗುವುದು ಇದರಿಂದಲೇ. ಫ್ರಾನ್ಸಿನ ದೊಡ್ಡ ಸ್ಪರ್ಧೆಯಲ್ಲಿ ನೂರಾರು ಸವಾರರು ಒತ್ತೊತ್ತಾಗಿ ಹೋಗುವುದೂ ಇದಕ್ಕೇ: ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನಿಗೆ ಶ್ರಮ ಉಳಿಯುತ್ತದೆ. ಅಲ್ಲಿ ಸರದಿಯ ಮೇಲೆ ಮುಂದಿನವರು ಬದಲಾಗುತ್ತಾರೆ. ಇಲ್ಲಿ ಸರದಿ ಬದಲಾಗಲಿಲ್ಲ. ಆತ ಒಮ್ಮೆ ಮುಂದೆ ಬರಲು ನೋಡಿದ. ಮಾಮಾ ಕೈ ಬೀಸಿ ಹಿಂದಕ್ಕೆ ಕಳಿಸಿದರು. ಹನ್ನೊಂದು ಕಿಲೋಮೀಟರಿಗೂ ಆ ಗಾಳಿಯನ್ನು ಎದೆಯಲ್ಲಿ ತೆಗೆದುಕೊಂಡವರು ಅವರೇ.

ದಾರಿಯುದ್ದಕ್ಕೂ ಇಬ್ಬರನ್ನೂ ಎಲ್ಲರೂ ಹಿಂದೆ ಹಾಕಿದರು. ಮೊದಲು ಬಂದದ್ದು ಕೂಲಿಗೆ ಹೊರಟ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂ. ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು. ‘ಗೌಂಡಿ ಅಣ್ಣಾ, ಇವತ್ತ ಯಾರೋ ಶಿಷ್ಯಾ ಸಿಕ್ಕಾರಲ್ಲ!’ ಎಂದು ಹಿಂಬಾಗಿಲಿನಿಂದ ಒಬ್ಬಾಕೆ ಕೂಗಿದಳು, ಟಂಟಂ ತುಂಬ ನಗು. ಬಳಿಕ ಬೈಕುಗಳು. ಬೈಕ್ ಕಣ್ಣಿಗೆ ಬೀಳುವ ಮೊದಲೇ ಗೌಂಡಿ ಮಾಮಾ ಸಪ್ಪಳದ ಮೇಲೆ ಇಂಥವನದೇ ಎಂದು ಹೇಳುತ್ತಿದ್ದರು, ಬಹುತೇಕ ಸರಿಯೇ ಇರುತ್ತಿತ್ತು. ಸೈಡ್ ಹೊಡೆಯುವ ಮೊದಲು ಪ್ರತಿಯೊಬ್ಬನೂ ವೇಗ ಇಳಿಸುತ್ತಿದ್ದ. ಹತ್ತು ಹದಿನೈದು ಮಾರು ಜೊತೆಜೊತೆಗೇ ಬಂದು ಒಂದು ಮಾತಾಡುತ್ತಿದ್ದ. ಮಗಳ ಹೆರಿಗೆ ಆಯ್ತೇ, ಸಿಮೆಂಟಿನ ಲೋಡು ಬಂತೇ, ಕಡಲಿಗೆ ಕಾಯಿಕೊರಕ ಬಿದ್ದಿದೆ ಯಾವ ಎಣ್ಣಿ ಹೊಡೆಯಲಿ. ಮಾತು ಮುಗಿದ ಮೇಲೇ ಗೇರು ಬದಲಿಸಿ ಮುಂದೆ ಹೋಗುವುದು. ಮಾಮಾನ ಕೈಕೆಳಗೇ ಕೆಲಸ ಕಲಿತ ಒಬ್ಬ ಹುಡುಗ ಬಂದವನೇ ಗೋಣಿಚೀಲವನ್ನು ಎತ್ತಿ ತನ್ನ ಟ್ಯಾಂಕಿನ ಮೇಲೆ ಇಟ್ಟುಕೊಂಡು ಹೋದ. ದಿನಾ ಹಾಗೆಯೇ ಒಯ್ಯುತ್ತಾನಂತೆ. ಅವನು ಹೋಗಿ ಸಿಮೆಂಟು ಕಲಸಿಡುವಷ್ಟರಲ್ಲಿ ಇವರು ತಲುಪುತ್ತಾರಂತೆ.

ಕೊನೆಗೆ ಹಿಂದೆ ಹಾಕಿದವರು ಸೈಕಲ್ಲಿನವರೇ. ಹೈಸ್ಕೂಲಿನ ಇಬ್ಬರು ಹುಡುಗರು, ಒಂದೇ ಸೈಕಲ್ಲು, ಡಬಲ್ ಸೀಟು. ಕ್ಯಾರಿಯರ್ ಮೇಲೆ ಕೂತವನು ಕೂಡ ತನ್ನ ಕಾಲನ್ನು ಮುಂದೆ ಚಾಚಿ ಅದೇ ಪೆಡಲಿನ ಮೇಲಿಟ್ಟು ತುಳಿಯುತ್ತಿದ್ದ. ನಾಲ್ಕು ಕಾಲು, ಎರಡು ಪೆಡಲು! ಅದು ಅಕ್ಕನಿಗೆ ಎಂಟನೇ ಇಯತ್ತೆಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲು ಎಂದರು. 2006-07ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಹೊತ್ತಿಗೆ ನಿಂತುಹೋಯಿತು. ಅಕ್ಕ ಈಗ ಕಾಲೇಜಿಗೆ ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೋಗುತ್ತಾಳೆ, ತಮ್ಮನಿಗೆ ಅಕ್ಕನ ಸೈಕಲ್ಲು. ಅವರು ದಾಟಿಹೋದಾಗ ಆತನ ಕಾಲು ರೂಢಿಯಂತೆ ಬಿಗಿಯಿತು. ಮುಂದೆ ಮಾಮಾನ ಬೆನ್ನಿತ್ತು. ಕಾಲು ಸಡಿಲಾಯಿತು.

ಅಂದು ಮಧ್ಯಾಹ್ನದವರೆಗೆ ಆತ ಇಟ್ಟಿಗೆ ಹೊತ್ತ. ಊಟಕ್ಕೆ ಕೂತಾಗ ಬುತ್ತಿಗಳೆಲ್ಲ ಒಂದಾದವು. ಬಿಳಿಜೋಳದ ರೊಟ್ಟಿ, ಮಡಕಿಕಾಳಿನ ಪಲ್ಲೆ, ಝುಣಕ, ಹಸಿ ಉಳ್ಳಾಗಡ್ಡಿ. ಯಾರೋ ದಾರಿಯ ಹೊಲದಿಂದ ತಂದಿದ್ದ ಕಡಲಿಗಿಡವನ್ನು ಸುಟ್ಟು ಸುಲಗಾಯಿ ಮಾಡಿದರು. ಕರಿ ಬೂದಿ ಮೆತ್ತಿದ ಬೆರಳಿನಿಂದ ಬಿಡಿಸಿ ತಿನ್ನುತ್ತಿದ್ದರೆ ಮಾತಿಗೆ ಕೊನೆಯಿಲ್ಲ. ಬಾಗಲಕೋಟೆ, ವಿಜಯಪುರದ ಕಡೆ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನಡೆಯುವುದು, ಆ ಸೀಮೆಯ ಹುಡುಗರು ರಾಷ್ಟ್ರಮಟ್ಟದವರೆಗೂ ಹೋದದ್ದು, ಎಲ್ಲ ಬಂತು. ಒಂದು ಕಾಲಕ್ಕೆ ಊರೂರಿಗೆ ಬಂದು, ಏಳು ದಿನ ಸೈಕಲ್ಲಿನಿಂದ ಕೆಳಗಿಳಿಯದೆ, ಅದರ ಮೇಲೇ ಉಂಡು, ಅದರ ಮೇಲೇ ಜಳಕ ಮಾಡಿ, ಕಟ್ಟೆಯ ಸುತ್ತ ತಿರುಗುತ್ತಿದ್ದ ಸವಾರರ ನೆನಪೂ ಬಂತು. ಗೌಂಡಿ ಮಾಮಾ ಗೆದ್ದದ್ದು ಬೇರೊಂದು ಶರ್ಯತ್ತು. ಗಣಪತಿ ಹಬ್ಬದ ನಿಧಾನ ಸೈಕಲ್ ಓಟ. ಕಾಲು ನೆಲಕ್ಕೆ ತಾಗಬಾರದು, ಗೆರೆ ದಾಟಬಾರದು, ಎಲ್ಲರಿಗಿಂತ ಕೊನೆಗೆ ಮುಟ್ಟಬೇಕು. ಆಗ ಬಹುಮಾನವಾಗಿ ಬಂದ ಸ್ಟೀಲಿನ ತಾಟಿನಲ್ಲೇ ಇವತ್ತಿಗೂ ಉಣ್ಣುತ್ತೇನೆ ಎಂದರು.

2011ರ ಜನಗಣತಿ ಭಾರತೀಯರು ದುಡಿಯಲು ಹೇಗೆ ಹೋಗುತ್ತಾರೆಂದು ಕೇಳಿತ್ತು. ಸುಮಾರು 2.6 ಕೋಟಿ ಜನ ಸೈಕಲ್ಲಿನಲ್ಲಿ ಹೋಗುತ್ತೇವೆಂದರು, ಅಂದರೆ ನೂರಕ್ಕೆ 13 ಮಂದಿ. ಆದರೆ ರೈತರನ್ನೂ ಹೊಲದ ಕೂಲಿಯವರನ್ನೂ ಆ ಪ್ರಶ್ನೆಯಿಂದ ಹೊರಗಿಟ್ಟಿದ್ದರು. ಗೌಂಡಿ ಮಾಮಾ ಆ ಲೆಕ್ಕದೊಳಗೆ ಬರುತ್ತಾರೆ, ಹುಲ್ಲಿನ ಹೊರೆ ಕಟ್ಟಿಕೊಂಡು ಹೊಲದಿಂದ ಸೈಕಲ್ಲಿನಲ್ಲಿ ಮರಳುವ ಅವರ ಅಣ್ಣ ಬರುವುದಿಲ್ಲ. ಇದು ಸಣ್ಣ ಲೋಪವಲ್ಲ. ಲೆಕ್ಕಕ್ಕೆ ಸಿಗದವರಿಗೆ ರಸ್ತೆಯಲ್ಲೂ ಜಾಗ ಸಿಗುವುದಿಲ್ಲ. ಬೆಂಗಳೂರಿನ ಗೂಟಗಳಾದರೂ ಒಮ್ಮೆ ನಿಂತು ಮುರಿದವು. ಈ ರಸ್ತೆಗೆ ಅಂಥದೊಂದು ಗೂಟ ಬೇಕೆಂದು ಯಾರಿಗೂ ಹೊಳೆದೂ ಇಲ್ಲ.

ಸಂಜೆ ಐದೂವರೆಗೆ ಕೈಕಾಲು ತೊಳೆದು ಹೊರಟರು. ಬೆಳಿಗ್ಗೆ ಎದೆಗೆ ಹೊಡೆದ ಗಾಳಿ ಈಗ ಬೆನ್ನಿಗೆ. ಪೆಡಲು ತಾನೇ ತಿರುಗುವಂತಿತ್ತು. ಎರಡೂ ಕಡೆ ಜೋಳದ ತೆನೆಗಳು ಒಂದೇ ದಿಕ್ಕಿಗೆ ಬಾಗಿದ್ದವು, ಇವರು ಹೋಗುತ್ತಿದ್ದ ದಿಕ್ಕಿಗೆ. ಆ ಹಳೆಯ ಅಟ್ಲಾಸಿಗೆ ರೆಕ್ಕೆ ಬಂದಿತ್ತು. ಆತ ಬಲಕ್ಕೆ ಸರಿದ, ಗೌಂಡಿ ಮಾಮಾನ ಪಕ್ಕಕ್ಕೆ ಬಂದ, ದಾಟಿದ. ಒಂದು ಮಾತಾಡಲಿಲ್ಲ. ಹಿಂದೆ ತಿರುಗಲಿಲ್ಲ. ದೂರದಲ್ಲಿ ಬೆಳಗಿನ ಹುಡುಗರ ಡಬಲ್ ಸೀಟು ಕಂಡಿತು, ಅದನ್ನೂ ಹಿಡಿದು ದಾಟಿದ. ಬಿಸಿಲು ಕಣ್ಣು ಕುಕ್ಕುತ್ತಿತ್ತು, ಎದೆ ತುಂಬ ಹಿಗ್ಗು ತುಂಬಿತ್ತು. ಅಷ್ಟು ಚೆನ್ನಾಗಿ ಸೈಕಲ್ಲು ಹೊಡೆದದ್ದು ಎಷ್ಟು ವರ್ಷಗಳ ಹಿಂದೋ.

ಅಗಸಿಯ ಚಾದಂಗಡಿಯ ಮುಂದೆ ಇಳಿದಾಗ ಇನ್ನೂ ಬೆಳಕಿತ್ತು. ಅಂಗಡಿಯವನು ಚಾದ ಗ್ಲಾಸು ಇಡುತ್ತ, ‘ಮಾಮಾ ಎಲ್ಲೆದಾರ?’ ಎಂದ.

‘ಬರಾಕತ್ತಾರ, ಹಿಂದ.’

ಚಾ ಮುಗಿಯಿತು. ಮಿರ್ಚಿಭಜಿ ತಿಂದದ್ದಾಯಿತು. ಡಬಲ್ ಸೀಟಿನ ಹುಡುಗರು ಬಂದು ಹೋದರು. ತಾವು ಮುಂದೆ ಬಂದುಬಿಟ್ಟೆವು, ಮಾಮಾ ಕಾಣಲಿಲ್ಲ ಎಂದರು. ದೀಪ ಹತ್ತಿದವು. ದಾರಿಯಲ್ಲಿ ಹೋಗುವವರೆಲ್ಲ ಆತನೊಬ್ಬನನ್ನೇ ನೋಡಿ ಅದೇ ಪ್ರಶ್ನೆ ಕೇಳುತ್ತಿದ್ದರು. ಯಾರ ದನಿಯಲ್ಲೂ ಆಕ್ಷೇಪವಿರಲಿಲ್ಲ. ಕೂಡಿ ಹೋದವರಲ್ಲಿ ಒಬ್ಬರು ಮಾತ್ರ ಬಂದಿರುವುದನ್ನು ಕಂಡು ಯಾರಿಗಾದರೂ ಬರುವ ಪ್ರಶ್ನೆ ಅದು. ಸೋದರಮಾವ ಬಂದು ಪಕ್ಕದಲ್ಲಿ ಕೂತರು. ಅವರೂ ಕೇಳಿದರು, ಆತ ಅದೇ ಉತ್ತರ ಕೊಟ್ಟ. ಅವರು ಮತ್ತೆ ಮಾತಾಡಲಿಲ್ಲ, ರಸ್ತೆಯ ಕಡೆ ನೋಡುತ್ತ ಕೂತರು. ಸೈಕಲ್ಲು ಹೊರಳಿಸಿ ಮರಳಿ ಹೋಗಬೇಕೆಂದು ಆತ ಎದ್ದದ್ದು ಆಗ. ಅಟ್ಲಾಸಿಗೆ ದೀಪವಿರಲಿಲ್ಲ.

ಅಷ್ಟರಲ್ಲಿ ರಸ್ತೆಯ ತುದಿಯಲ್ಲಿ ಒಂದು ಬೆಳಕು ಕಂಡಿತು. ಬೈಕಿನದು. ಆದರೆ ಬೈಕಿನ ವೇಗ ಅದಕ್ಕಿರಲಿಲ್ಲ. ಹತ್ತಿರ ಬಂದಂತೆ ತಿಳಿಯಿತು: ಮುಂದೆ ಗೌಂಡಿ ಮಾಮಾ ಸೈಕಲ್ಲು ನೂಕಿಕೊಂಡು ನಡೆದು ಬರುತ್ತಿದ್ದಾರೆ. ಹಿಂದೆ ಮೊದಲ ಗೇರಿನಲ್ಲಿ, ಎರಡೂ ಕಾಲು ನೆಲಕ್ಕೆ ಎಳೆಯುತ್ತ, ಅವರ ದಾರಿಗೆ ದೀಪ ಹಿಡಿದು ಬರುತ್ತಿದ್ದಾನೆ ಬೆಳಿಗ್ಗೆ ಚೀಲ ಒಯ್ದ ಆ ಹುಡುಗ. ಟ್ಯಾಂಕಿನ ಮೇಲೆ ಅದೇ ಗೋಣಿಚೀಲ.

‘ಜಾಲಿ ಮುಳ್ಳ್ರಿ. ಹಿಂದಿನ ಟ್ಯೂಬು ಹೋತು’ ಎಂದರು ಮಾಮಾ. ಆತ ದಾಟಿಹೋದ ಸ್ವಲ್ಪ ಹೊತ್ತಿಗೇ ಆದದ್ದು. ಕೂಗಿದರಂತೆ. ಗಾಳಿ ಪಡುವಣಕ್ಕೇ ಬೀಸುತ್ತಿತ್ತು, ಕೂಗು ಆತನ ಬೆನ್ನಿಗೆ ಮುಟ್ಟಲೇಬೇಕಿತ್ತು. ಹುಡುಗ ಬೈಕ್ ಹತ್ತು ಎಂದನಂತೆ. ಸೈಕಲ್ಲನ್ನು ಹೊಲದಲ್ಲಿ ಬಿಟ್ಟುಬರಲು ಇವರಿಗೆ ಮನಸ್ಸಾಗಲಿಲ್ಲ.

ಆತ ತಪ್ಪಾಯಿತೆನ್ನಲು ಬಾಯಿ ತೆರೆದ. ಮಾಮಾ ಅಷ್ಟರಲ್ಲೇ ಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಡುತ್ತಿದ್ದರು. ‘ಗಾಳಿ ಬೆನ್ನಿಗಿತ್ತಲ್ರೀ, ಕಾಲು ನಿಲ್ಲೂದಿಲ್ಲ ಬಿಡ್ರಿ’ ಎಂದರು. ಬಳಿಕ, ‘ಚಾ ಆತ?’ ಎಂದು ಕೇಳಿದರು.

ಆಗಿತ್ತು. ಭಜಿಯೂ ಆಗಿತ್ತು. ಆ ಮೂರಕ್ಷರದ ಪ್ರಶ್ನೆಗೆ ಆತನಿಂದ ಉತ್ತರ ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ಧಾರವಾಡದ ಬಸ್ಸು ಹತ್ತುವ ಮುಂಚೆ ಆತ ಮಾಮಾನ ಮನೆಗೆ ಹೋದ. ಅವರು ನಸುಕಿನಲ್ಲೇ ಪಂಕ್ಚರ್ ತಿದ್ದಿಸಿಕೊಂಡು ಕೆಲಸಕ್ಕೆ ಹೋಗಿಯಾಗಿತ್ತು. ಬಸ್ಸು ಪಡುವಣಕ್ಕೆ ಹೊರಟಿತು. ಅವರು ಮೂಡಣಕ್ಕೆ, ಎದುರುಗಾಳಿಯಲ್ಲಿ, ಒಬ್ಬರೇ.

ಬೆಂಗಳೂರಿಗೆ ಬಂದ ಮೇಲೆ ಹೊರವರ್ತುಲ ರಸ್ತೆಯಲ್ಲಿ ಆತನಿಗೆ ಮೊದಲ ಸಲ ಒಂದು ಗುಂಪು ಕಾಣತೊಡಗಿತು. ರಾತ್ರಿ ಪಾಳಿ ಮುಗಿಸಿ ಮರಳುವ ಸೆಕ್ಯುರಿಟಿಯವರು, ಹೋಟೆಲಿನ ಕೆಲಸದವರು. ಗೇರಿಲ್ಲದ ಸೈಕಲ್ಲು, ಹೆಲ್ಮೆಟ್ಟಿಲ್ಲದ ತಲೆ, ಹ್ಯಾಂಡಲ್ಲಿಗೆ ಟಿಫಿನ್ ಡಬ್ಬಿ. ಆರು ವರ್ಷದಲ್ಲಿ ಇವರನ್ನು ಆತ ಎಷ್ಟು ಸಾವಿರ ಸಲ ಹಿಂದೆ ಹಾಕಿರಬಹುದು! ಅದನ್ನು ದಾಟುವುದೆಂದು ಎಣಿಸಿದ್ದೇ ಇಲ್ಲ. ತನ್ನನ್ನು ದಾಟುವ ಹೆಲ್ಮೆಟ್ಟುಗಳ ಮೇಲೇ ಕಣ್ಣು ನೆಟ್ಟಿತ್ತು.

ಮೊನ್ನೆ ಬುಧವಾರ ಮಾರತ್ತಹಳ್ಳಿ ದಾಟಿದ ಮೇಲೆ ಅಂಥ ಒಬ್ಬರು ಮುಂದಿದ್ದರು. ನೀಲಿ ಸಮವಸ್ತ್ರ, ನರೆತ ಕೂದಲು, ನಿದ್ದೆಗೆಟ್ಟ ಬೆನ್ನು. ಆತ ಬಲಕ್ಕೆ ಸರಿದ, ಅವರ ಪಕ್ಕಕ್ಕೆ ಬಂದ. ಹಾಗೆಯೇ ವೇಗ ಇಳಿಸಿದ. ಅವರ ಹಿಂದಿನ ಟೈರು ಪ್ರತಿ ಸುತ್ತಿಗೂ ನೆಲಕ್ಕೆ ಚಪ್ಪಟೆಯಾಗಿ ಒತ್ತುತ್ತಿತ್ತು. ಹಿಂದೆ ಒಂದು ಬಸ್ಸು ಹಾರ್ನ್ ಹೊಡೆಯಿತು.

‘ಯಣ್ಣಾರ, ಹಿಂದಿನ ಗಾಲಿಗೆ ಹವಾ ಕಡಿಮಿ ಐತಿ ನೋಡ್ರಿ’ ಎಂದ. ಬೆಂಗಳೂರಿನಲ್ಲಿ ಆತ ಹಾಗೆ ಮಾತಾಡಿ ಎಷ್ಟೋ ವರ್ಷವಾಗಿತ್ತು.

ಅವರು ಗಾಬರಿಯಿಂದ ಆತನನ್ನು ನೋಡಿದರು. ಬಳಿಕ ಗಾಲಿ ನೋಡಿದರು. ಚರಂಡಿಯ ಅಂಚಿಗೆ ಸೈಕಲ್ಲು ನಿಲ್ಲಿಸಿ ಇಳಿದು, ಬಾಗಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿದರು. ಆತನೂ ಇಳಿದ. ಚೀಲದಲ್ಲಿ ಪಂಪು ಇತ್ತು.